ವಿಳಾಸ ಬರೆದ ಔಷಧ: ಭರವಸೆ ಇರಲಿ, ವಿಚಾರಣೆಯೂ ಇರಲಿ

ನಾಗಪುರದ ರಾಮದಾಸಪೇಠ್ ಎಂದರೆ ಆಸ್ಪತ್ರೆಗಳ, ಔಷಧ ಅಂಗಡಿಗಳ ಬಡಾವಣೆ. ವಿದರ್ಭದಿಂದಷ್ಟೇ ಅಲ್ಲ, ಮಧ್ಯಪ್ರದೇಶ, ಛತ್ತೀಸ್‌ಗಢಗಳಿಂದಲೂ ರೋಗಿಗಳು ಈ ನಗರಕ್ಕೆ ಬರುತ್ತಾರೆ. ಇಲ್ಲಿ ರಾಷ್ಟ್ರಸಂತ ತುಕಡೋಜಿ ಕ್ಯಾನ್ಸರ್ ಆಸ್ಪತ್ರೆ ಇದೆ, ಜಾಮ್ಠಾದಲ್ಲಿ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇದೆ. ಈ ಕಾಯಿಲೆ ನಮ್ಮ ಕನ್ನಡ ಬಂಧುಗಳ ಮನೆಗಳನ್ನೂ ಬಿಟ್ಟಿಲ್ಲ. ಕಂಗೆಟ್ಟ ಮನೆಯವರ ಕಿವಿಗೆ ‘ನ್ಯಾನೋ ಔಷಧ’ ಎಂಬ ಮಾತು ಬಿದ್ದರೆ ಆಸೆ ಚಿಗುರುವುದು ಸಹಜ. ಆದ್ದರಿಂದಲೇ ಅದರ ನಿಜಸ್ಥಿತಿ ಅರಿಯುವುದು ಅಗತ್ಯ.

ಸಾಮಾನ್ಯ ಕೀಮೋ ಬೇರರ್ ಚೆಕ್ ಇದ್ದಂತೆ. ಗಡ್ಡೆಗೂ ಸಲ್ಲುತ್ತದೆ, ಕೂದಲಿನ ಬೇರು, ಕರುಳು, ರಕ್ತಕಣಗಳಿಗೂ ಸಲ್ಲುತ್ತದೆ. ವಿಜ್ಞಾನಿಗಳು ಬಯಸುವುದು ಅಕೌಂಟ್ ಪೇಯಿ ಚೆಕ್ಕನ್ನು. ಔಷಧವನ್ನು ಅತಿಸೂಕ್ಷ್ಮ ಪಾಲಿಮರ್ ಕಣದೊಳಗೆ ತುಂಬಿ ರಕ್ತಕ್ಕೆ ಬಿಡುತ್ತಾರೆ. ರಕ್ತದ ಪಿಎಚ್ ಸುಮಾರು 7.4. ಗಡ್ಡೆಯ ಸುತ್ತ ಅದು ಹಲವು ಬಾರಿ 7ಕ್ಕಿಂತ ಕೆಳಗಿರುತ್ತದೆ, ಅಂದರೆ ಅಲ್ಲಿ ಹುಳಿ ಹೆಚ್ಚು. ಆ ಹುಳಿಗೋ, ಹೊರಗಿನಿಂದ ಕೊಟ್ಟ ಬಿಸಿಗೋ ಕಣ ಸಡಿಲಗೊಂಡು ಔಷಧ ಬಿಡಬೇಕು ಎಂಬುದು ಯೋಜನೆ.

ಈ ಕ್ಷೇತ್ರದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ ಎಂಬುದು ಹೆಮ್ಮೆಯ ಸಂಗತಿ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಅಮರನಾಥ ಮೈತ್ರ ಅವರ ಸಂಶೋಧನೆಯ ಆಧಾರದಲ್ಲಿ ಡಾಬರ್ ಫಾರ್ಮಾ ಕಂಪನಿ 2007ರಲ್ಲಿ ‘ನ್ಯಾನೋಕ್ಸೆಲ್’ ಎಂಬ ಔಷಧವನ್ನು ಮಾರುಕಟ್ಟೆಗೆ ತಂದಿತು. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದು. ಹಳೆಯ ಇಂಜೆಕ್ಷನ್ನಿಗೆ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಬೇಕಿತ್ತು, ಅದು ಕೆಲವರಿಗೆ ತೀವ್ರ ಅಲರ್ಜಿ ತರುತ್ತಿತ್ತು. ಪಾಲಿಮರ್ ಕಣ ಆ ದ್ರಾವಕದ ಅಗತ್ಯವನ್ನೇ ತಪ್ಪಿಸಿತು. ಇದು ಸಣ್ಣ ಲಾಭವಲ್ಲ.

ಆದರೆ ಜಮಾ-ಖರ್ಚು ಎರಡನ್ನೂ ನೋಡಬೇಕು. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಕಲೆಹಾಕಿ ಟೊರೊಂಟೊ ವಿಜ್ಞಾನಿಗಳು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅದರಂತೆ ಗಡ್ಡೆ ತಲುಪಿದ ನ್ಯಾನೋ ಕಣಗಳ ಮಧ್ಯಮ ಪ್ರಮಾಣ ಶೇ. 0.7 ಮಾತ್ರ. ನೂರು ರೂಪಾಯಿ ಕಳಿಸಿದರೆ ಎಪ್ಪತ್ತು ಪೈಸೆ ಖಾತೆಗೆ ಜಮಾ! ಬಿಸಿಗೆ ಸ್ಪಂದಿಸುವ ‘ಥರ್ಮೋಡಾಕ್ಸ್’ ಎಂಬ ಕೊಬ್ಬಿನ ಕಣದ ಔಷಧವೂ 701 ಯಕೃತ್ ಕ್ಯಾನ್ಸರ್ ರೋಗಿಗಳ ಪರೀಕ್ಷೆಯಲ್ಲಿ ನಿರೀಕ್ಷಿತ ಫಲ ನೀಡಲಿಲ್ಲವೆಂದು 2013ರಲ್ಲಿ ತಿಳಿದುಬಂತು.

ಹೀಗಿರುವಾಗ ‘ನ್ಯಾನೋ’ ಎಂಬ ಹೆಸರೊಂದನ್ನೇ ನಂಬಿ ಒಡವೆ ಅಡವಿಡುವುದು, ಭವಿಷ್ಯ ನಿಧಿ ಖಾಲಿ ಮಾಡುವುದು ಸರಿಯಲ್ಲ. ವೈದ್ಯರನ್ನು ಸಂಕೋಚವಿಲ್ಲದೆ ಮೂರು ಪ್ರಶ್ನೆ ಕೇಳಬೇಕು: ಹಳೆಯ ಔಷಧಕ್ಕಿಂತ ಇದರಿಂದ ನಮ್ಮ ರೋಗಿಗೆ ಆಗುವ ಹೆಚ್ಚಿನ ಲಾಭವೇನು? ಆಯುಸ್ಸು ಹೆಚ್ಚುತ್ತದೆಯೇ, ಅಡ್ಡ ಪರಿಣಾಮ ಮಾತ್ರ ತಗ್ಗುತ್ತದೆಯೇ? ಸರಕಾರಿ ಆರೋಗ್ಯ ಯೋಜನೆಯಲ್ಲಿ ಇದು ಸಿಗುತ್ತದೆಯೇ?

ಪರಊರಿನಲ್ಲಿ ಮರಾಠಿ, ಹಿಂದಿ ಸರಾಗವಾಗಿ ಬಾರದ ಹಿರಿಯರಿಗೆ ಈ ಪ್ರಶ್ನೆ ಕೇಳುವುದೇ ಕಷ್ಟ. ಕನ್ನಡ ಸಂಘಗಳು ರಾಜ್ಯೋತ್ಸವ, ಯಕ್ಷಗಾನ ನಡೆಸುವ ಉತ್ಸಾಹದಲ್ಲೇ, ಆಸ್ಪತ್ರೆಗೆ ಜೊತೆಯಾಗಿ ಹೋಗಿ ಬರುವ ನಾಲ್ಕಾರು ಸ್ವಯಂಸೇವಕರನ್ನೂ ಸಜ್ಜುಗೊಳಿಸಲಿ. ವಿಜ್ಞಾನ ತನ್ನ ಕೆಲಸ ಮಾಡುತ್ತಿದೆ. ಔಷಧ ಸರಿಯಾದ ವಿಳಾಸ ಸೇರುವ ದಿನ ಬರುವವರೆಗೆ, ನಮ್ಮ ನೆರವಾದರೂ ಸರಿಯಾದ ಮನೆಯನ್ನು ಸೇರಲಿ.