ಸೂರಿನ ಮೇಲೆ ಎಸೆದ ಹಲ್ಲು
ಹಾಲುಹಲ್ಲಿನ ತಿರುಳಿನಲ್ಲಿ ಕಾಂಡಕೋಶಗಳಿವೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ನಾಗಮಂಗಲ, ಪಾಂಡವಪುರದ ಕಡೆ ಸಗಣಿಯಲ್ಲಿ ಸುತ್ತಿ ಸೂರಿನ ಮೇಲೆ ಎಸೆಯುವ ಹಲ್ಲೇ ಅದು. ಭ್ರೂಣದಲ್ಲಿ ನರವ್ಯೂಹದ ಅಂಚಿನಿಂದ ಹೊರಟ ಕೋಶಗಳ ಸಂತತಿಯಾದ್ದರಿಂದ, ತಕ್ಕ ಪೋಷಕದ್ರವದಲ್ಲಿ ಇವನ್ನು ನರಕೋಶಗಳಂತೆ ಬೆಳೆಸಬಹುದು. ಡೌನ್ ಸಿಂಡ್ರೋಮ್ ಇರುವ ಮಗುವಿನ ಹಲ್ಲಾದರೆ ಈ ಕೋಶಗಳಲ್ಲೂ ಸಾಮಾನ್ಯವಾಗಿ 21ನೇ ವರ್ಣತಂತುವಿನ ಮೂರು ಪ್ರತಿಗಳಿರುತ್ತವೆ. ಫ್ರಾನ್ಸಿನ ವಿಜ್ಞಾನಿ ಲೆಜೂನ್ ಅವರ ತಂಡ 1959ರಲ್ಲಿ ಪ್ರಕಟಿಸಿದ್ದು ಈ ಹೆಚ್ಚುವರಿ ಪ್ರತಿಯನ್ನೇ. ಅದು ಬೆಳೆಯುವ ನರಕೋಶಕ್ಕೆ ಏನು ಮಾಡುತ್ತದೆಂದು ಕೋಶದ ಎಳೆಗಳ ಉದ್ದ, ಕವಲು, ಮೈಟೊಕಾಂಡ್ರಿಯದ ಕೆಲಸಗಳನ್ನು ಇತರ ಮಕ್ಕಳ ಹಲ್ಲಿನಿಂದ ಬೆಳೆಸಿದ ಕೋಶಗಳೊಂದಿಗೆ ಹೋಲಿಸಿ ನೋಡಬಹುದು. ಮಗುವಿನ ಮಿದುಳನ್ನು ಮುಟ್ಟದೆ, ಸೂಜಿಯನ್ನೂ ಚುಚ್ಚದೆ ಇಷ್ಟು ತಿಳಿಯುವುದು ನಿಜಕ್ಕೂ ದೊಡ್ಡ ಮಾತು. ಆದರೆ ಒಣಗಿದ ಹಲ್ಲಿನಲ್ಲಿ ಕೋಶಗಳು ಸಾಯುತ್ತವೆ. ಹಲ್ಲು ಬಿದ್ದ ಕೂಡಲೇ ತಕ್ಕ ದ್ರವದಲ್ಲಿಟ್ಟು ಬೇಗ ಪ್ರಯೋಗಾಲಯ ಮುಟ್ಟಿಸಬೇಕು.