ಒಬ್ಬ ಮಾಲೀಕನಿಗೆ ಎರಡು ತಂಡ, ಅಭಿಮಾನಿಗೆ ಒಂದೇ

ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಕ್ಲಬ್‌ನ ಕಟ್ಟಾ ಅಭಿಮಾನಿಗಳು ತವರಿನ ಪಂದ್ಯಗಳಲ್ಲಿ ಮೊದಲ ಹದಿನೈದು ನಿಮಿಷ ಹಾಡು, ಘೋಷಣೆ ಏನೂ ಇಲ್ಲದೆ ಮೌನವಾಗಿ ನಿಂತು ಪ್ರತಿಭಟಿಸಿದ್ದಾರೆ. ಇದು ಸೋಲಿನ ಸಿಟ್ಟಲ್ಲ. 2024-25ರಲ್ಲಿ ಅವರ ತಂಡ ಫ್ರೆಂಚ್ ಲೀಗ್‌ನಲ್ಲಿ ಏಳನೆಯದಾಗಿ ಯುರೋಪಿನ ಟೂರ್ನಿಗೆ ಅರ್ಹತೆ ಗಳಿಸಿತ್ತು. ಅವರ ತಕರಾರು ಇರುವುದು 2023ರ ಜೂನ್‌ನಲ್ಲಿ ಕ್ಲಬ್ಬನ್ನು ಕೊಂಡ ಬ್ಲೂಕೋ ಎಂಬ ಕೂಟದ ಮೇಲೆ. ಲಂಡನ್ನಿನ ಚೆಲ್ಸಿ ಕ್ಲಬ್ಬೂ ಅದರದ್ದೇ. ಅದೇ ಕ್ರೀಡಾಂಗಣದ ಬೇರೆ ಸಾಲುಗಳಲ್ಲಿ ಕೂತ ಸ್ಟ್ರಾಸ್‌ಬರ್ಗ್ ಅಭಿಮಾನಿಗಳೇ ಈ ಮೌನಿಗಳನ್ನು ಹೀಗಳೆದದ್ದೂ ಉಂಟು: ದುಡ್ಡು ಬಂದಿದೆ, ಒಳ್ಳೆಯ ಆಟಗಾರರು ಬಂದಿದ್ದಾರೆ, ತಂಡ ಗೆಲ್ಲುತ್ತಿದೆ, ಮತ್ತೇಕೆ ಈ ರಂಪ? ಈ ಜಗಳದಲ್ಲಿ ನ್ಯಾಯ ಮೌನವಾಗಿ ನಿಂತವರ ಕಡೆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೆದ್ದರೆ ಸಾಕು ಎನ್ನುವವರು ಈ ಊರಿನ ಇತಿಹಾಸವನ್ನು ಮರೆಯುತ್ತಾರೆ. 1979ರಲ್ಲಿ ಫ್ರಾನ್ಸ್‌ನ ಚಾಂಪಿಯನ್ ಆಗಿದ್ದ ಈ ಕ್ಲಬ್ 2011ರಲ್ಲಿ ದಿವಾಳಿಯೆದ್ದು ಐದನೇ ದರ್ಜೆಯ ಲೀಗ್‌ಗೆ ಬಿತ್ತು. ಆಗಲೂ ಸಾವಿರಾರು ಜನ ಟಿಕೆಟ್ ಕೊಂಡು ಬಂದರು. ಹಿಂದೆ ಇಲ್ಲೇ ಆಡಿದ್ದ ಮಾರ್ಕ್ ಕೆಲ್ಲರ್ ಸ್ಥಳೀಯ ಹೂಡಿಕೆದಾರರನ್ನು ಕೂಡಿಸಿಕೊಂಡು ಕ್ಲಬ್ಬನ್ನು ಹಂತಹಂತವಾಗಿ ಮೇಲೆತ್ತಿದರು. 2017ರಲ್ಲಿ ಅದು ಅಗ್ರ ಲೀಗ್‌ಗೆ ಮರಳಿತು, 2019ರಲ್ಲಿ ಲೀಗ್ ಕಪ್ ಗೆದ್ದಿತು. ಐದನೇ ದರ್ಜೆಯಲ್ಲೂ ಕೈಬಿಡದವರಿಗೆ ಗೆಲುವಿನ ಬೆಲೆ ಗೊತ್ತಿಲ್ಲ ಎಂದು ಹೇಳುವುದು ಅನ್ಯಾಯ. ನಿಷ್ಠಾವಂತ ಅಭಿಮಾನಿ ಟ್ರೋಫಿಯ ಭರವಸೆ ಕೇಳುವುದಿಲ್ಲ. ಕ್ಲಬ್ ತನ್ನ ಒಳಿತಿಗಾಗಿ ತಾನೇ ತೀರ್ಮಾನ ತೆಗೆದುಕೊಳ್ಳಲಿ, ಸೋತರೂ ಆ ಸೋಲು ತನ್ನದೇ ಆಗಿರಲಿ ಎಂದಷ್ಟೇ ಬಯಸುತ್ತಾನೆ. ಒಬ್ಬನೇ ಮಾಲೀಕನ ಕೈಯಲ್ಲಿರುವ ಸೋದರ ಕ್ಲಬ್‌ಗಳ ವ್ಯವಸ್ಥೆ ಮುರಿಯುವುದು ಇದನ್ನೇ.

ಮುರಿದ ಬಗೆ ನೋಡಿ. ಸ್ಟ್ರಾಸ್‌ಬರ್ಗ್‌ನ ರಕ್ಷಣಾ ಆಟಗಾರ ಮಮಾದೂ ಸಾರ್ 2025ರ ಬೇಸಿಗೆಯಲ್ಲಿ ಚೆಲ್ಸಿ ಸೇರಿದರು. ಚೆಲ್ಸಿ ಅವರನ್ನು ಎರವಲಾಗಿ ಮತ್ತೆ ಸ್ಟ್ರಾಸ್‌ಬರ್ಗ್‌ಗೇ ಕಳಿಸಿತು. ಆ ವರ್ಷ ಸೆಪ್ಟೆಂಬರ್‌ನಲ್ಲಿ, ಋತು ಆರಂಭವಾಗಿ ಇನ್ನೂ ಕೆಲವೇ ವಾರಗಳಾಗಿದ್ದಾಗ, ತಂಡದ ನಾಯಕ ಎಮಾನ್ಯುಯೆಲ್ ಎಮೇಘಾ ಮುಂದಿನ ವರ್ಷ ಚೆಲ್ಸಿಗೆ ಹೋಗುತ್ತಾರೆ ಎಂದು ಪ್ರಕಟಿಸಲಾಯಿತು. ಒಂದು ಕ್ಲಬ್‌ಗೆ ಹೊರಟವನೆಂದು ಘೋಷಣೆಯಾದವನು ಇನ್ನೊಂದರ ನಾಯಕನ ಪಟ್ಟಿ ಕಟ್ಟಿಕೊಳ್ಳಬೇಕಾಯಿತು. 2026ರ ಜನವರಿಯಲ್ಲಿ ಚೆಲ್ಸಿಯಲ್ಲಿ ತರಬೇತುದಾರನ ಹುದ್ದೆ ತೆರವಾದಾಗ ಸ್ಟ್ರಾಸ್‌ಬರ್ಗ್‌ನ ಲಿಯಂ ರೊಸೀನಿಯರ್ ಅವರನ್ನೇ ಋತುವಿನ ನಡುವೆ ಅಲ್ಲಿಗೆ ಕರೆಸಿಕೊಳ್ಳಲಾಯಿತು. ಆಟಗಾರನಿಗೂ ತರಬೇತುದಾರನಿಗೂ ದೊಡ್ಡ ಕ್ಲಬ್ ಬೇಕೆನ್ನಿಸುವುದು ಸಹಜ, ಅವರನ್ನು ದೂರಬೇಕಿಲ್ಲ. ಪ್ರಶ್ನೆ ಇರುವುದು ಸ್ಟ್ರಾಸ್‌ಬರ್ಗ್ ಪರವಾಗಿ ಬೇಡ ಎನ್ನುವ ಅಧಿಕಾರ ಯಾರಲ್ಲಿತ್ತು ಎಂಬುದರಲ್ಲಿ.

ಸಣ್ಣ ಕ್ಲಬ್‌ಗಳು ಮೊದಲಿನಿಂದಲೂ ದೊಡ್ಡವಕ್ಕೆ ಆಟಗಾರರನ್ನು ಮಾರಿಕೊಂಡೇ ಬಂದಿವೆಯಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಮಾರಿವೆ, ನಿಜ. ಆದರೆ ಆ ವ್ಯಾಪಾರದಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಹಿತ ಬೇರೆಬೇರೆ. ಮಾರುವವನು ಬೆಲೆ ಏರಿಸಬಹುದು, ಋತು ಮುಗಿಯಲಿ ಎನ್ನಬಹುದು, ಇನ್ನೊಬ್ಬ ಗಿರಾಕಿಯನ್ನು ಹುಡುಕಬಹುದು. ಎರಡೂ ಕಡೆ ಒಬ್ಬನೇ ಕೂತಾಗ ಚೌಕಾಸಿ ಎಂಬುದೇ ಇರುವುದಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಂಸ್ಥೆಯಾದ ಸಿಟಿ ಫುಟ್‌ಬಾಲ್ ಗ್ರೂಪ್ ಬ್ರೆಜಿಲ್‌ನ ಸಾವಿನ್ಯೊನನ್ನು ಫ್ರಾನ್ಸ್‌ನ ತನ್ನ ಟ್ರ್ವಾ ಕ್ಲಬ್‌ನ ಹೆಸರಿನಲ್ಲಿ ಖರೀದಿಸಿತು. ಅವನು ಟ್ರ್ವಾದ ಮುಖ್ಯ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಸ್ಪೇನ್‌ನ ಸೋದರ ಕ್ಲಬ್ ಜಿರೋನಾದಲ್ಲಿ ಎರವಲಾಗಿ ಮಿಂಚಿ, 2024ರಲ್ಲಿ ಮ್ಯಾಂಚೆಸ್ಟರ್ ತಲುಪಿದ. ಟ್ರ್ವಾ ಊರಿನ ಅಭಿಮಾನಿಗೆ ಕಾಗದದ ಮೇಲೆ ತನ್ನವನಾಗಿದ್ದ ಆ ಹುಡುಗನ ಆಟ ನೋಡುವ ಭಾಗ್ಯವೇ ಬರಲಿಲ್ಲ.

ಇದರಿಂದ ಜಿದ್ದಿಗೂ ಪೆಟ್ಟು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2005ರಲ್ಲಿ ಪೇಯ ಕಂಪನಿ ರೆಡ್ ಬುಲ್ ಅಲ್ಲಿನ ಕ್ಲಬ್ಬನ್ನು ಕೊಂಡು, ಅದರ ನೇರಳೆ ಬಣ್ಣವನ್ನು ಕಿತ್ತು, ಹೆಸರನ್ನೂ ಬದಲಿಸಿತು. ಒಪ್ಪದ ಅಭಿಮಾನಿಗಳು ಹಳೆಯ ಹೆಸರು, ಹಳೆಯ ಬಣ್ಣದಲ್ಲಿ ಬೇರೊಂದು ಕ್ಲಬ್ ಕಟ್ಟಿ ಲೀಗ್ ವ್ಯವಸ್ಥೆಯ ತೀರಾ ಕೆಳಗಿನಿಂದ ಆರಂಭಿಸಿದರು. 2009ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ರೆಡ್ ಬುಲ್ ಮತ್ತೊಂದು ತಂಡ ಕಟ್ಟಿತು. 2018ರ ಯುರೋಪಾ ಲೀಗ್‌ನಲ್ಲಿ ಈ ಎರಡು ತಂಡಗಳು ಎದುರಾದಾಗ ಎರಡೂ ಪಂದ್ಯಗಳನ್ನು ಸಾಲ್ಜ್‌ಬರ್ಗೇ ಗೆದ್ದಿತು. ಸಂಚು ಎಲ್ಲಿದೆ ತೋರಿಸಿ ಎಂದು ವ್ಯವಸ್ಥೆಯ ಪರ ಇರುವವರು ಇದನ್ನು ಮುಂದಿಡುತ್ತಾರೆ. ಆಟಗಾರರು ಪ್ರಾಮಾಣಿಕವಾಗಿಯೇ ಆಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಬಿ ಕೈಟಾ, ಉಪಮೆಕಾನೊ, ಸೊಬೊಸ್ಲಾಯ್ ಎಲ್ಲರೂ ಸಾಲ್ಜ್‌ಬರ್ಗ್‌ನಿಂದ ಲೈಪ್‌ಜಿಗ್‌ಗೆ ಹೋದವರು. ಮೈದಾನದಲ್ಲಿ ತೊಂಬತ್ತು ನಿಮಿಷ ಸಮಾನರಾದವರು ಮಾಲೀಕನ ಲೆಕ್ಕದಲ್ಲಿ ಮೇಲು ಕೀಳಾಗಿದ್ದರು. ಎದುರಾಳಿಯನ್ನು ಮೀರಿ ಬೆಳೆಯುತ್ತೇವೆಂಬ ಆಸೆ ಎರಡೂ ಕಡೆ ಇಲ್ಲದಿದ್ದರೆ ಜಿದ್ದು ಬರೀ ವೇಳಾಪಟ್ಟಿಯ ಒಂದು ಸಾಲಾಗುತ್ತದೆ.

ಐಪಿಎಲ್ ನೋಡಿ ಬೆಳೆದವರಿಗೆ ಈ ಗಲಾಟೆ ವಿಚಿತ್ರವೆನಿಸಬಹುದು. ಮುಂಬೈ ಇಂಡಿಯನ್ಸ್ ಮಾಲೀಕರಿಗೆ ಕೇಪ್ ಟೌನ್‌ನಲ್ಲೂ ತಂಡವಿದೆ, ಯಾರೂ ಬೀದಿಗಿಳಿದಿಲ್ಲ. ಆದರೆ ಐಪಿಎಲ್ ತಂಡಗಳು ಹುಟ್ಟಿದ್ದೇ ಹರಾಜಿನಲ್ಲಿ. ಈ ಎರಡು ತಂಡಗಳು ಒಂದೇ ಟೂರ್ನಿಯಲ್ಲಿ ಆಡುವುದೂ ಇಲ್ಲ. ಜನ ಕಟ್ಟಿದ ಕ್ಲಬ್ ವಿಷಯಕ್ಕೆ ಬಂದರೆ ಭಾರತದ ಅಭಿಮಾನಿಯೂ ಸುಮ್ಮನಿರುವುದಿಲ್ಲ. 1911ರಲ್ಲಿ ಬ್ರಿಟಿಷ್ ಸೈನ್ಯದ ತಂಡವನ್ನು ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದ ಮೋಹನ್ ಬಾಗಾನ್ ಹೆಸರಿನ ಮುಂದೆ 2020ರಲ್ಲಿ ‘ಎಟಿಕೆ’ ಅಂಟಿಕೊಂಡಾಗ ಅದನ್ನು ತೆಗೆಯಿರಿ ಎಂದು ಅಭಿಮಾನಿಗಳು ಪಟ್ಟು ಹಿಡಿದರು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು ಫೈನಲ್‌ನಲ್ಲಿ ಸೋಲಿಸಿ ಐಎಸ್‌ಎಲ್ ಕಪ್ ಗೆದ್ದ ದಿನವೇ ಮಾಲೀಕರು ಆ ಹೆಸರನ್ನು ಕೈಬಿಡುವುದಾಗಿ ಘೋಷಿಸಬೇಕಾಯಿತು. ಇತ್ತ 2019ರಲ್ಲಿ ಮುಂಬೈ ಸಿಟಿಯ ಶೇ 65 ಪಾಲು ಕೊಂಡಿದ್ದ ಸಿಟಿ ಗ್ರೂಪ್, ಐಎಸ್‌ಎಲ್ ಭವಿಷ್ಯ ಡೋಲಾಯಮಾನವಾದಾಗ 2025ರ ಡಿಸೆಂಬರ್‌ನಲ್ಲಿ ಕೈತೊಳೆದುಕೊಂಡಿತು. ಆ ಹಣದಿಂದ ಮುಂಬೈಗೆ ಟ್ರೋಫಿಗಳು ಬಂದವು, ಒಪ್ಪೋಣ. ಕಷ್ಟ ಬಂದಾಗ ಹೊರಟದ್ದು ಮಾಲೀಕ. ಅಭಿಮಾನಿಗೆ ಹೊರಡುವ ಜಾಗವಿಲ್ಲ.

ನಿಯಮ ಬಿಗಿ ಮಾಡಿದರೆ ಏಟು ಬೀಳುವುದು ಅಭಿಮಾನಿಗೇ ಎಂಬ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. 2025ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಫ್‌ಎ ಕಪ್ ಗೆದ್ದಿತು, ಅದರ ಇತಿಹಾಸದ ಮೊದಲ ದೊಡ್ಡ ಟ್ರೋಫಿ. ಆದರೆ ಅದರಲ್ಲಿ ಪಾಲು ಹೊಂದಿದ್ದ ಜಾನ್ ಟೆಕ್ಸ್ಟರ್ ಫ್ರಾನ್ಸ್‌ನ ಲಿಯಾನ್ ಕ್ಲಬ್‌ಗೂ ಒಡೆಯರಾಗಿದ್ದರು. ಒಬ್ಬನ ಹಿಡಿತದ ಎರಡು ಕ್ಲಬ್‌ಗಳು ಒಂದೇ ಟೂರ್ನಿಯಲ್ಲಿ ಆಡಬಾರದೆಂಬ ನಿಯಮದಂತೆ ಮಾರ್ಚ್ 1ರ ಗಡುವಿನೊಳಗೆ ವ್ಯವಸ್ಥೆ ಸರಿಪಡಿಸಿಕೊಳ್ಳಲಿಲ್ಲವೆಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಪ್ಯಾಲೇಸನ್ನು ಯುರೋಪಾ ಲೀಗ್‌ನಿಂದ ಕಾನ್ಫರೆನ್ಸ್ ಲೀಗ್‌ಗೆ ಇಳಿಸಿತು. ಆಗಸ್ಟ್‌ನಲ್ಲಿ ಕ್ರೀಡಾ ನ್ಯಾಯಮಂಡಳಿಯೂ ಅದನ್ನೇ ಎತ್ತಿಹಿಡಿಯಿತು. ತಪ್ಪು ಮಾಲೀಕರದ್ದು, ಶಿಕ್ಷೆ ಜನರಿಗೆ. ಅತ್ತ ಜಿರೋನಾ ಷೇರುಗಳನ್ನು ತಾತ್ಕಾಲಿಕವಾಗಿ ಟ್ರಸ್ಟಿಗಳ ಕೈಗಿಟ್ಟು, 2024-25ರಲ್ಲಿ ಮ್ಯಾಂಚೆಸ್ಟರ್ ಸಿಟಿ ಇದ್ದ ಚಾಂಪಿಯನ್ಸ್ ಲೀಗ್‌ನಲ್ಲೇ ಆಡಿತು. ಒಳ್ಳೆಯ ವಕೀಲರಿದ್ದವರು ದಾಟಿಕೊಳ್ಳುವ ನಿಯಮ ಇದು. ಹಾಗೆಂದು ನಿಯಮವೇ ಬೇಡವೆನ್ನಲಾಗದು. ಅದನ್ನು ಕ್ಲಬ್ ಗೆದ್ದ ಮೇಲೆ ಅನ್ವಯಿಸುವುದೇ ದೋಷ. ಒಂದೇ ಖಂಡದ ಎರಡನೇ ಕ್ಲಬ್‌ನಲ್ಲಿ ನಿಯಂತ್ರಣದ ಪಾಲು ಕೊಳ್ಳಲು ಬಂದ ದಿನವೇ ಅದನ್ನು ತಡೆಯಬೇಕು. 2025-26ರಲ್ಲಿ ಚೆಲ್ಸಿ ಚಾಂಪಿಯನ್ಸ್ ಲೀಗ್‌ನಲ್ಲೂ ಸ್ಟ್ರಾಸ್‌ಬರ್ಗ್ ಕಾನ್ಫರೆನ್ಸ್ ಲೀಗ್‌ನಲ್ಲೂ ಇದ್ದುದರಿಂದ ಈಗಿನ ನಿಯಮದ ಪ್ರಕಾರ ಯಾವ ತೊಡಕೂ ಇರಲಿಲ್ಲ. ಎಮೇಘಾ ಪ್ರಕರಣವಾಗಲಿ ರೊಸೀನಿಯರ್ ಪ್ರಕರಣವಾಗಲಿ ಆ ನಿಯಮದ ಕಣ್ಣಿಗೆ ಬೀಳುವಂಥದ್ದೇ ಅಲ್ಲ. ಈಗಾಗಲೇ ಒಂದೇ ಒಡೆತನದಲ್ಲಿರುವ ಕ್ಲಬ್‌ಗಳ ನಡುವೆ ಋತುವಿನ ಮಧ್ಯೆ ಆಟಗಾರ, ತರಬೇತುದಾರರ ವರ್ಗಾವಣೆ ನಿಲ್ಲಬೇಕು, ಉಳಿದ ವರ್ಗಾವಣೆಗಳ ಬೆಲೆಯನ್ನು ಹೊರಗಿನವರು ಪರಿಶೀಲಿಸಬೇಕು, ಮತ್ತು ಆ ಪರಿಶೀಲನೆಯಲ್ಲಿ ಸಣ್ಣ ಕ್ಲಬ್‌ನ ಅಭಿಮಾನಿ ಸಂಘಕ್ಕೆ ಒಂದು ಕುರ್ಚಿ ಇರಬೇಕು.