ಮನೆಯಲ್ಲೇ ಮಗ್ಗವಿದೆ, ಕೂಲಿ ಎಲ್ಲಿದೆ?



‘ಮನೆಯಲ್ಲೇ ಕೂತು ದುಡಿಯಿರಿ, ಪರಿಸರವನ್ನೂ ಉಳಿಸಿರಿ’ ಎಂಬ ಜಾಹೀರಾತು ನಿಮ್ಮ ಫೋನಿಗೂ ಬಂದಿರಬೇಕು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಮೊದಲು ಇಷ್ಟು ದುಡ್ಡು ಕಟ್ಟಿ ಎಂಬ ಮಾತು ಮಾತ್ರ ಕೊನೆಯ ಸಾಲಿನಲ್ಲಿ ಅಡಗಿರುತ್ತದೆ. ಡಿಗ್ರಿ ಮುಗಿಸಿ ಕೂತ ನಮ್ಮ ಹುಡುಗ ಹುಡುಗಿಯರು ಇದನ್ನು ನಂಬುತ್ತಾರೆ. ಆದರೆ ಹೊಗೆಯಿಲ್ಲದ, ಕರೆಂಟು ಬೇಡದ, ಹೊಸ್ತಿಲು ದಾಟದೆ ಮಾಡುವ ಕೆಲಸವೊಂದು ಇದೇ ಬಾಗಲಕೋಟೆ ಜಿಲ್ಲೆಯಲ್ಲಿ ತಲೆತಲಾಂತರದಿಂದ ನಡೆದಿದೆಯಲ್ಲ! ಅದನ್ನು ಯಾರೂ ಯಾಕೆ ಉದ್ಯೋಗ ಎನ್ನುವುದಿಲ್ಲ?

ಇಳಕಲ್ಲಿನ ಕೈಮಗ್ಗದ ಮಾತು ಹೇಳುತ್ತಿದ್ದೇನೆ. ಗುಳೇದಗುಡ್ಡದ ಕಣದ ಮಾತು, ಹುನಗುಂದದ ಕಡೆಯ ಸೂಳೇಭಾವಿ, ಕಮತಗಿಯ ನೇಕಾರ ಓಣಿಗಳ ಮಾತು.

ಮನೆಯ ನೆಲದಲ್ಲಿ ತಗ್ಗು ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವುದು ಕುಣಿ ಮಗ್ಗ. ಅದಕ್ಕೆ ಮೋಟಾರು ಬೇಡ, ಶೆಡ್ಡು ಬೇಡ. ಆದರೆ ಸ್ವಂತ ನೆಲ ಬೇಕು. ಬಾಡಿಗೆ ಮನೆಯ ಯಜಮಾನ ನೆಲ ಅಗೆಯಲು ಬಿಡುತ್ತಾನೆಯೇ? ನೇಕಾರನಿಗೆ ಮನೆ ಹೋದರೆ ಕಾರ್ಖಾನೆಯೂ ಹೋದಂತೆ. ಆಲಮಟ್ಟಿ ಹಿನ್ನೀರಿಗೆ ಊರಿನ ದೊಡ್ಡ ಭಾಗವನ್ನೇ ಕೊಟ್ಟು ನವನಗರಕ್ಕೆ ಎದ್ದುಬಂದ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಳಕಲ್ ಸೀರೆಯ ಗುಟ್ಟು ಇರುವುದು ಕೊಂಡಿಯಲ್ಲಿ. ಮೈಯ ಹಾಸು ಹತ್ತಿಯದೋ ಹತ್ತಿ-ರೇಷ್ಮೆಯದೋ ಇರುತ್ತದೆ, ಸೆರಗಿನ ಹಾಸು ಕೆಂಪು ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಬೇಕು. ಜೋಡಿಸಿದ ಮೇಲೆಯೇ ಟೋಪ್ ತೆನಿ ಸೆರಗು. ಕೆಂಪಿನ ನಡುವೆ ಬಿಳಿಯ ಹಣಿಗೆ, ಜೋಳದ ತೆನೆ, ಕೋಟೆಯ ತೆನೆಗಳು ಮೂಡುವುದು ಅಲ್ಲಿ. ಹಾಸನ್ನು ಆರು, ಎಂಟು ಇಲ್ಲವೇ ಒಂಬತ್ತು ವಾರದ ಒಂದೇ ಸೀರೆಯ ಅಳತೆಗೆ ಹಾಕಬೇಕು. ಒಂದು ಮುಗಿದರೆ ಇನ್ನೊಂದಕ್ಕೆ ಮತ್ತೆ ಮೊದಲಿನಿಂದ ಶುರು. ಗಂಟೆಗಟ್ಟಲೆ ಒಂದೇ ಹಾಸನ್ನು ಓಡಿಸುವ ಯಂತ್ರಕ್ಕೆ ಈ ತಾಳ್ಮೆ ಎಲ್ಲಿಂದ ಬರಬೇಕು?

ಈಗ ಕೇಳಿ, ಈ ಕೆಲಸ ಯಾರು ಮಾಡುತ್ತಾರೆ? ಮಗ್ಗದಲ್ಲಿ ಕೂತವನು ಒಬ್ಬ. ನೂಲು ಬಿಚ್ಚಿ ಹಾಸು ಮಾಡುವವಳು ಹೆಂಡತಿ, ಕಂಡಿಕೆ ಸುತ್ತುವವಳು ಅವ್ವ, ಎಳೆ ಹಿಡಿಯಲು ಕೈಜೋಡಿಸುವವಳು ಮಗಳು. ಎಷ್ಟೋ ಮನೆಗಳಲ್ಲಿ ಮಗ್ಗಕ್ಕೆ ಕೂರುವವಳೂ ಹೆಂಗಸೇ. 2019–20ರ ನಾಲ್ಕನೇ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರನ್ನು ಎಣಿಸಿತು. ನೇಕಾರರಲ್ಲಿ ಹತ್ತಕ್ಕೆ ಏಳು ಮಂದಿಗಿಂತ ಹೆಚ್ಚು ಹೆಂಗಸರು. ಇಷ್ಟೂ ಜನರ ದುಡಿಮೆಗೆ ಸಾಹುಕಾರ ಕೊಡುವುದು ಒಂದು ಸೀರೆಯ ಒಂದು ಮಜೂರಿ. ಅವ್ವ ಮಾಡಿದ್ದು ‘ಮನೆಗೆಲಸ’! ಬೆಂಗಳೂರಿನ ಕಂಪನಿಯವನು ಮನೆಯಿಂದ ಕೆಲಸ ಮಾಡಿದರೆ ಅವನ ಪಗಾರ ಪೂರ್ತಿ, ಇಳಕಲ್ಲಿನ ಅವ್ವ ಮನೆಯಿಂದ ಮಾಡಿದರೆ ಅದು ಪುಕ್ಕಟೆ. ಇದೆಂಥ ನ್ಯಾಯ ಸ್ವಾಮಿ?

ಸರ್ಕಾರ ಏನೂ ಮಾಡಿಲ್ಲವೇ ಎಂದರೆ, ಮಾಡಿದೆ. 2020ರಲ್ಲಿ ‘ನೇಕಾರ ಸಮ್ಮಾನ್’ ಎಂದು ವರ್ಷಕ್ಕೆ 2,000 ರೂಪಾಯಿ ಕೊಡಲು ಶುರುಮಾಡಿತು, ಆಮೇಲೆ 5,000 ಮಾಡಿತು. ಭಾಗಿಸಿ ನೋಡಿ. ದಿನಕ್ಕೆ 14 ರೂಪಾಯಿಯೂ ಇಲ್ಲ. ಇದಕ್ಕೆ ಸಮ್ಮಾನ ಎಂದು ಹೆಸರು! ದಿಲ್ಲಿಯವರದು ಇನ್ನೊಂದು ಚಂದ. 2015ರಿಂದ ಆಗಸ್ಟ್ 7ನ್ನು ಕೈಮಗ್ಗ ದಿನವೆಂದು ಆಚರಿಸುವವರು, 2020ರಲ್ಲಿ ಆ ದಿನ ಬರುವ ಮೊದಲೇ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿದರು.

ಕಾನೂನು ಬೇರೆ ಇದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯನ್ನು ಸುಪ್ರೀಂ ಕೋರ್ಟು 1993ರಲ್ಲಿ ಎತ್ತಿಹಿಡಿಯಿತು. ಇಳಕಲ್ ಸೀರೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೂ ಪವರ್‌ಲೂಮಿನ ಪಾಲಿಯೆಸ್ಟರು ‘ಇಳಕಲ್’ ಎಂಬ ಹೆಸರು ಹೊತ್ತು ಬಜಾರಿನಲ್ಲಿ ಮೆರೆಯುತ್ತದೆ. ಹೆಸರು ನಮ್ಮದು, ಲಾಭ ಇನ್ನಾರದೋ.

ಒಂದು ಮಾತು ಮುಚ್ಚಿಡಬಾರದು. ಮಗ್ಗ ನಿರ್ಮಲ, ಆದರೆ ನೂಲಿಗೆ ಹಾಕುವ ಬಣ್ಣ ಅಷ್ಟು ನಿರ್ಮಲವಲ್ಲ. ಗಿರಿ ಕುಂಕುಮ, ದಾಳಿಂಬೆ, ಗಿಳಿ ಹಸಿರು ಎಂದು ನಾವು ಮೆಚ್ಚುವ ರಂಗುಗಳು ಇಂದು ಬಹಳ ಮಟ್ಟಿಗೆ ರಾಸಾಯನಿಕದವು. ಅಪಾಯಕಾರಿ ಆಝೋ ಬಣ್ಣಗಳನ್ನು 1997ರಲ್ಲೇ ನಿಷೇಧಿಸಿದ್ದಾರೆ ನಿಜ, ಆದರೆ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲೇಬೇಕು. ಅದನ್ನು ಶುದ್ಧ ಮಾಡುವ ಖರ್ಚನ್ನು ಬಡ ನೇಕಾರನ ತಲೆಗೆ ಕಟ್ಟದೆ ಸರ್ಕಾರ ಹೊರಬೇಕು.

ಇನ್ನು ಭಾಷೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ, ಕೊಂಡಿ: ಈ ಕಸುಬಿನ ಮಾತೆಲ್ಲ ಕನ್ನಡ. ಆದರೆ ಸೀರೆಗೆ ಹಚ್ಚುವ ಚೀಟಿ ಮಾತ್ರ ಇಂಗ್ಲಿಷು! ಯಾರು ನೇಯ್ದರು, ಯಾವ ಊರು, ಕೈಮಗ್ಗವೋ ಯಂತ್ರವೋ, ಕೊಂಡಿ ಹಾಕಿದ್ದೋ ಇಲ್ಲವೋ, ನೇಯ್ದವರಿಗೆ ಎಷ್ಟು ಮಜೂರಿ ಸಂದಿತು – ಇದಿಷ್ಟನ್ನೂ ಪ್ರತಿ ಸೀರೆಯ ಮೇಲೆ ಕನ್ನಡದಲ್ಲಿ ಬರೆಯಬೇಕೆಂದು ನಾವು ಕೇಳಬೇಕು. ಮಜೂರಿಯಲ್ಲಿ ಹಾಸು ಮಾಡಿದವಳ ಪಾಲು, ಕಂಡಿಕೆ ಸುತ್ತಿದವಳ ಪಾಲು ಬೇರೆ ಬೇರೆ ಕಾಣಬೇಕು. ಹೊಸ ಹುಡುಗಿ ಈ ಕಸುಬಿಗೆ ಕೂರುವುದೋ ಬಿಡುವುದೋ ಎಂದು ತೂಗಿ ನೋಡುವುದು ಅದರಿಂದಲೇ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುತ್ತೀರಲ್ಲ? ಅಲ್ಲಿ ಸೀರೆ ಕೊಳ್ಳುವಾಗ ಮೈ ಮುಗಿದು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಉದ್ದದ ಎಳೆ ಅಲ್ಲಿಗೆ ನಿಂತು ಕೆಂಪು ಎಳೆ ಹಿಡಿದುಕೊಂಡಿದ್ದರೆ ಅದು ಕೊಂಡಿ. ಮೈಯ ಬಣ್ಣದ ಎಳೆಯೇ ಸೆರಗಿನೊಳಗೂ ಹಾದುಹೋಗಿ ಕೆಂಪನ್ನು ಮಂಕು ಮಾಡಿದ್ದರೆ ಕೊಂಡಿ ಇಲ್ಲ. ಅಂಗಡಿಯವನು ಎಷ್ಟೇ ಆಣೆ ಮಾಡಲಿ, ಕೊಂಡಿ ಸೀರೆಯ ದರ ಕೊಡಬೇಡಿ.